ಕೆಂಪಮ್ಮನ ಸಾವಿನ ಪದ

ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಯಾರು ಸತ್ತರೂ ತಮಟೆಯವರಿಗಿಂತ ಮೊದಲು ಕರೆ ಹೋಗುತ್ತಿದ್ದದ್ದು ಕೆಂಪಮ್ಮನಿಗೆ. ಹೆಣದ ಮುಂದೆ ಕೂತು ಅವಳು ಪದ ಹೇಳಿಕೊಂಡು ಅಳತೊಡಗಿದರೆ, ಆಸ್ತಿಗೆ ಬಾಯಿ ಬಿಟ್ಟುಕೊಂಡು ಕೂತ ಅಳಿಯಂದಿರೂ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳಬೇಕು. ಕಂಠವೆಂದರೆ ನನ್ನದು ಎಂಬ ಜಂಬ ಅವಳಿಗೂ ಇತ್ತು. ಇಂಥವಳು ಹಿಂದೆ ತನ್ನ ಒಬ್ಬನೇ ಮಗ ಮಂಜೇಶ ಹೋದಾಗ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಪಾಕೀಟು ಸಾರಾಯಿ ಕುಡಿದು, ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ ನಿಂತು ಬಿದ್ದು ಸತ್ತವನಿಗೆ ಅಳುವುದಿಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದಳು.

ಸೊಸೆ ಬೇರೆ ಮದುವೆಯಾಗಿ ಹೋದಳು. ತೊಟ್ಟಿಲಲ್ಲಿದ್ದ ಶ್ವೇತ ಅಜ್ಜಿಯ ಮಡಿಲಿಗೆ ಬಂದಳು. ನಿಮ್ಮಪ್ಪ ಜ್ವರ ಬಂದು ಸತ್ತ ಎಂದಷ್ಟೇ ಅವಳಿಗೆ ಹೇಳಿ, ಅದರ ಮೇಲೆ ಯಾರೂ ಬಾಯಿ ಬಿಡಕೂಡದೆಂದು ಕೆಂಪಮ್ಮ ಊರಿಗೆಲ್ಲ ತಾಕೀತು ಮಾಡಿದ್ದಳು. ಕುಡುಕನ ಕಥೆ ಕೇಳಿದರೆ ಅವನ ಗುಣವೂ ಅಂಟೀತು ಎಂಬ ಹೆದರಿಕೆ. ಹುಡುಗಿ ಕಾಲೇಜಿಗೆ ಹೋಗುವಷ್ಟಾದರೂ ಆ ಹೆದರಿಕೆ ಹೋಗಿರಲಿಲ್ಲ.

ಒಂದು ಭಾನುವಾರ ಶ್ವೇತಳ ಚೀಲದಲ್ಲಿ ಕಪ್ಪು ಡಬ್ಬಿಯೊಂದು ಸಿಕ್ಕಿತು. ಕೆಂಪಮ್ಮ ಅದನ್ನು ಬೆಳಕಿಗೆ ಹಿಡಿದಳು.

"ಏನೇ ಇದು?"

"ಎನರ್ಜಿ ಡ್ರಿಂಕ್ ಅಜ್ಜಿ. ಸಾಯಂಕಾಲ ರಾಬರ್ಟ್‌ಸನ್‌ಪೇಟೇಲಿ ನಮ್ ಹಿಪ್-ಹಾಪ್ ಪ್ರೋಗ್ರಾಮ್ ಐತಲ್ಲ, ಈ ಕಂಪ್ನಿಯೋರೇ ಸ್ಟೇಜ್ ಆಕ್ಸಿರೋದು. ಆಡೋರಿಗೆಲ್ಲ ಫ್ರೀ."

ಕೆಂಪಮ್ಮ ಡಬ್ಬಿ ತೆಗೆದು ಮೂಸಿದಳು. ಧೈರ್ಯ ಮಾಡಿ ಒಂದು ಗುಟುಕು ಬಾಯಿಗೂ ಬಿಟ್ಟುಕೊಂಡಳು. ಕೆಮ್ಮಿನ ಔಷಧಿಗೆ ಸೋಡಾ ಬೆರೆಸಿದ ಹಾಗಿತ್ತು.

"ಥೂ! ಶಕ್ತಿ ಬೇಕಂದ್ರೆ ಮುದ್ದೆ ಉಣ್ಣೇ. ಸಾರಾಯಿಗೆ ಒಸ ಅಂಗಿ ತೊಡ್ಸಿ ತಂದವ್ರೆ ಕಳ್ಳರು."

"ಇದ್ರಾಗೆ ಸಾರಾಯಿ ಇಲ್ಲಜ್ಜಿ. ಟೀ ಕುಡಿದ್ರೆ ನಿದ್ದೆ ಬರಲ್ವಲ್ಲ, ಅಂಗೇ ಇದೂನೂ," ಎಂದು ನಕ್ಕು ಹುಡುಗಿ ಬಸ್ಸಿಗೆ ಓಡಿದಳು.

ಅವಳು ಹೋದ ಮೇಲೆ ಕೆಂಪಮ್ಮ ಡಬ್ಬಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದಳು. ನೂಲಿನಂತೆ ಸೀರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲವಲ್ಲ ಎಂದು ಸಂಕಟವಾಯಿತು. ಸಂಜೆಗೆ ಪಕ್ಕದ ಮನೆಯ ಮುನಿಲಕ್ಷ್ಮಿಯನ್ನು ಎಳೆದುಕೊಂಡು ತಾನೂ ಬಸ್ಸು ಹತ್ತಿದಳು. ಜುಟ್ಟು ಹಿಡಿದಾದರೂ ಮೊಮ್ಮಗಳನ್ನು ಕೆಳಗಿಳಿಸಿ ತರುವುದೇ ಸೈ.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ಟೇಜಿನ ಮೇಲೆ ಒಬ್ಬ ಹುಡುಗ ಜಾರುವ ಪ್ಯಾಂಟು ಹಿಡಿದುಕೊಂಡು ತಮಿಳಿನಲ್ಲಿ ಬಡಬಡಿಸುತ್ತಿದ್ದ.

"ಇದೂ ಒಂದು ಪದಾನಾ? ನಲ್ಲಿ ತಾವ ಬಿಂದಿಗೆ ಜಗಳ ಇದ್ದಂಗೈತೆ," ಎಂದಳು ಕೆಂಪಮ್ಮ.

ಆಮೇಲೆ ಶ್ವೇತ ಬಂದಳು, ಕೈಯಲ್ಲಿ ಅಂಥದೇ ಡಬ್ಬಿ. ಒಂದು ಗುಟುಕು ಕುಡಿದು ಮೈಕು ಹಿಡಿದಳು. ಕೆಂಪಮ್ಮ ಜನರನ್ನು ನೂಕಿಕೊಂಡು ಸ್ಟೇಜಿನ ಮೆಟ್ಟಿಲಿಗೆ ಕಾಲಿಟ್ಟಳು. ಅಷ್ಟರಲ್ಲಿ ತಾಳ ಸಿಡಿಯಿತು.

"ಬೆಳಗಿನ ರೈಲಿಗೆ ಓದೋನೇ,
ಬೈಗಿನ ರೈಲಿಗೆ ಬರ್ಲಿಲ್ವಲ್ಲೋ!
ಬಾಗಿಲಾಗ್ಯಾಕೆ ನಿಂತ್ಕೊಂಡ್ಯೋ,
ತೊಟ್ಟಿಲ ಅರ್ಧ ತೂಗಿ ಓದ್ಯಲ್ಲೋ!"

ಕೆಂಪಮ್ಮನ ಕಾಲು ಅಲ್ಲೇ ಕಲ್ಲಾಯಿತು. ಅದು ಅವಳೇ ಕಟ್ಟಿದ ಸಾವಿನ ಪದ. ಸಾವಿಲ್ಲದ ಕಡೆ ಸಾವಿನ ಪದ ಗುನುಗಿದರೂ ಯಮನನ್ನು ಕರೆದ ಹಾಗೆ ಎಂದು ನಂಬಿದ ಹೆಂಗಸು ಅವಳು. ಇಲ್ಲಿ ನೋಡಿದರೆ ಮೈದಾನಕ್ಕೆ ಮೈದಾನವೇ ಸಿಳ್ಳೆ ಹೊಡೆದು, ಡಬ್ಬಿ ಎತ್ತಿ ಹಿಡಿದು ಅದಕ್ಕೆ ಕುಣಿಯುತ್ತಿತ್ತು. ಯಾರ ಹೆಣದ ಮುಂದೆ ಕೂತರೂ ಅವಳು ಅಳುತ್ತಿದ್ದದ್ದು ಮಂಜೇಶನಿಗೆ. ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅದು ತನಗೊಬ್ಬಳಿಗೇ ಗೊತ್ತಿರುವ ಗುಟ್ಟು ಎಂದುಕೊಂಡಿದ್ದಳು.

ಹಾಡು ಮುಗಿಸಿ ಇಳಿದು ಬಂದವಳ ರಟ್ಟೆ ಹಿಡಿದಳು.

"ಸಾವಿನ ಪದಕ್ಕೆ ಜನಾನ ಕುಣಿಸ್ತೀಯೇನೇ? ಚಿಕ್ಕವೆಂಕಟಪ್ಪ ಸತ್ತಾಗ ಕಟ್ಟಿದ್ದೆ ಕಣೇ ಅದನ್ನ!"

"ಆ ತಾತ ಜಲ್ಮದಾಗೆ ರೈಲು ಅತ್ತಿರ್ಲಿಲ್ಲ ಅಜ್ಜಿ. ತೊಂಬತ್ತು ವರ್ಸದ ಮುದುಕ ಯಾವ ತೊಟ್ಟಿಲು ತೂಗ್ತಿದ್ದ?" ಶ್ವೇತ ರಟ್ಟೆ ಬಿಡಿಸಿಕೊಂಡಳು. "ಚಿಕ್ಕೋಳಿದ್ದಾಗ್ಲಿಂದ ಸಾವಿನ ಮನೆಗೆಲ್ಲ ನಿನ್ ಜೊತೆ ಬಂದಿದೀನಿ. ಎಣ ಯಾರ್ದಾದ್ರೂ ಪದ ಒಂದೇ. ಜ್ವರ ಬಂದೋರು ರೈಲಿನಿಂದ ಬೀಳ್ತಾರಾ? ಕುಡೀತಿದ್ದ ಅಂತ್ಲೂ ನಿನ್ ಪದದಾಗೇ ಐತೆ, ಅದಕ್ಕೇ ನಾನು ಎಂಡ ಮುಟ್ಟಲ್ಲ. ನೀನು ಅಪ್ಪನ್ನ ಎಲ್ಲಾ ಕಡೆಯಿಂದ್ಲೂ ಅಳಿಸಾಕ್ದೆ. ನಂಗೆ ಅವ್ನು ಸಿಕ್ಕಿದ್ದು ಈ ಪದದಾಗೆ ಮಾತ್ರ."

ಕೆಂಪಮ್ಮ ಗರಬಡಿದವಳಂತೆ ಮುನಿಲಕ್ಷ್ಮಿಯ ಕಡೆ ತಿರುಗಿದಳು. "ನೀನೇನೇ ಏಳಿದ್ದು?"

"ನಾವ್ಯಾರೂ ಬಾಯಿ ಬಿಟ್ಟಿಲ್ಲಕ್ಕ. ಆದ್ರೆ ಊರಿಗೆಲ್ಲ ಗೊತ್ತು, ನೀನು ಯಾರಿಗೆ ಅಳ್ತೀಯಾ ಅಂತ." ಮುನಿಲಕ್ಷ್ಮಿ ತಲೆ ತಗ್ಗಿಸಿದಳು. "ಮಗ ಓದಾಗ ನೀನು ಅಳ್ಲೇ ಇಲ್ಲ. ಎದೆ ಒಡ್ಕೊಂಡು ಸಾಯ್ತಾಳೆ ಇವ್ಳು ಅಂತ ದೊಡ್ಡೋರಿಗೆ ಎದ್ರಿಕೆ ಆಯ್ತು. ಎಲ್ಲೇ ಸಾವಾದ್ರೂ ಮೊದ್ಲು ಕೆಂಪಮ್ಮನ್ನ ಕರೀರಿ, ಅವಳ ಅಳು ಅವಳು ಅತ್ಕೊಳ್ಲಿ ಅಂದ್ರು. ಅದಕ್ಕೇ ಕರೀತಾ ಇದ್ದಿದ್ದು."

ಇಷ್ಟು ವರ್ಷ ಕರೆ ಬಂದದ್ದು ಅವಳ ಕಂಠಕ್ಕೆ ಅಲ್ಲ. ಹತ್ತು ಹಳ್ಳಿಯವರು ತಮ್ಮ ಮನೆಯ ಹೆಣಗಳನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು.

ಕೆಂಪಮ್ಮ ನಿಂತಲ್ಲೇ ಕುಸಿದಳು. ಶ್ವೇತ ಗಾಬರಿಯಾಗಿ ಪಕ್ಕದಲ್ಲಿ ಕೂತು ಹಿಡಿದುಕೊಂಡಳು. ಮುದುಕಿಯ ಬಾಯಿಂದ ಮೊದಲು ಗಾಳಿ ಹೊರಟಿತು, ಆಮೇಲೆ ದನಿ.

"ಮಂಜೇಶಾ..." ಎಂದಳು. ಎದುರಿಗೆ ಯಾರ ಹೆಣವೂ ಇರಲಿಲ್ಲ.