ಎರಡನೇ ಏಟು

"ಇನ್ನೊಂದು ಸಲ ಹಾಕಿ," ಎಂದ ಫಿಟ್ಟರ್. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಅವನು ಬೆಳಗಿನಿಂದ, ಮಿಷನ್ನು ಪರೀಕ್ಷಿಸಲು ಕಾರ್ಖಾನೆಯವರು ಕರೆಸಿದ್ದ ಕ್ಯಾಮೆರಾದವಳ ತಲೆ ತಿನ್ನುತ್ತಿದ್ದ.

ಅವಳು ಗುಂಡಿ ಒತ್ತಿದಳು. ಪರದೆಯ ಮೇಲೆ, ತಗಡು ಕತ್ತರಿಸುವ ಪ್ರೆಸ್ಸಿನ ಅಚ್ಚು ಬಸವನಹುಳುವಿನಂತೆ ಇಳಿಯತೊಡಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸವನ್ನು ಕ್ಯಾಮೆರಾ ಐದು ನಿಮಿಷ ಎಳೆದಿತ್ತು.

ಹತ್ತು ದಿನದ ಹಿಂದೆ ಇದೇ ಪ್ರೆಸ್ಸು ಅವನ ತಂಗಿಯ ಗಂಡನ ಎರಡು ಬೆರಳು ನುಂಗಿತ್ತು. "ಅಚ್ಚು ಎದ್ದ ಮೇಲೇ ಕೈ ಹಾಕಿದ್ದು, ಭಾವ," ಎಂದು ಅವನು ಆಸ್ಪತ್ರೆಯ ಮಂಚದಲ್ಲಿ ಗೋಗರೆದಿದ್ದ. "ನನ್ನ ಮಿಷನ್ನು ನಂಗೊತ್ತಿಲ್ವೇನೋ? ಎಲ್ಲೋ ನೋಡ್ಕೊಂಡು ಕೈ ಹಾಕಿದ್ದೀಯ!" ಎಂದು ಫಿಟ್ಟರ್ ಎಲ್ಲರೆದುರೇ ಬೈದಿದ್ದ. ಅಂದಿನಿಂದ ತಂಗಿ ಮಾತು ಬಿಟ್ಟಿದ್ದಳು. ಇವತ್ತು ಮ್ಯಾನೇಜರ್ ವರದಿಯಲ್ಲಿ ಅಜಾಗರೂಕತೆ ಎಂದು ಬರೆದರೆ ಅವಳ ಗಂಡನ ಕೆಲಸಕ್ಕೂ ಕತ್ತರಿ.

ಪರದೆಯಲ್ಲಿ ಅಚ್ಚು ತಗಡನ್ನು ಕತ್ತರಿಸಿ ಮೇಲೆದ್ದಿತು. ನಾಲ್ಕು ಬೆರಳಿನಷ್ಟು ಏರಿದ್ದು ಗಕ್ಕನೆ ಜಾರಿ, ಮತ್ತೊಮ್ಮೆ ಬಡಿದು, ಏನೂ ಆಗಿಲ್ಲವೆಂಬಂತೆ ಮೇಲೆ ಹೋಯಿತು.

"ನೂರು ಏಟಿಗೆ ಒಂದು ಹೀಗೆ ಬರ್ತಿದೆ," ಎಂದಳು ಕ್ಯಾಮೆರಾದವಳು. "ಕಣ್ಣಿಗೆ ಒಂದೇ ಏಟು ಅನ್ಸುತ್ತೆ. ಅಚ್ಚು ಎತ್ತಿ ಹಿಡಿಯೋ ಸ್ಪ್ರಿಂಗು ಮೋಟಾಗಿರ್ಬೇಕು."

ಹೊಸ ಸ್ಪ್ರಿಂಗು ಬರುವ ತನಕ ಕಾಯುವ ತಾಳ್ಮೆಯಿಲ್ಲದೆ, ಹಳೇ ಪ್ರೆಸ್ಸೊಂದರದ್ದನ್ನು ಎರಡು ಸುತ್ತು ಕತ್ತರಿಸಿ ತುರುಕಿದವನು ಫಿಟ್ಟರನೇ. ಅವತ್ತು ಕೆಲಸ ನಿಲ್ಲಲಿಲ್ಲವೆಂದು ಮ್ಯಾನೇಜರ್ ಬೆನ್ನು ತಟ್ಟಿದ್ದ. ಅಚ್ಚು ಎದ್ದ ಕೂಡಲೇ ಕೈ ಹಾಕುವುದನ್ನು ತಂಗಿಯ ಗಂಡನಿಗೆ ಕಲಿಸಿದವನೂ ಅವನೇ.

"ಮ್ಯಾನೇಜರ್ ಬರೋಕೆ ಇನ್ನೂ ಅರ್ಧ ಗಂಟೆ ಇದೆ. ನಾನು ಟೀ ಕುಡಿದು ಬರ್ತೀನಿ," ಎಂದು ಅವಳು ಎದ್ದು ಹೋದಳು.

ಹೊಸ ಸ್ಪ್ರಿಂಗು ನಿನ್ನೆಯೇ ಬಂದು ಅವನ ಜೇಬಿನಲ್ಲಿತ್ತು. ಬದಲಾಯಿಸಲು ಎರಡು ನಿಮಿಷ ಸಾಕು. ಮೋಟು ಸ್ಪ್ರಿಂಗನ್ನು ಗುಜರಿಗೆ ಎಸೆದರೆ ಅದನ್ನು ಕತ್ತರಿಸಿದ್ದು ಯಾರಪ್ಪನಿಗೂ ಗೊತ್ತಾಗದು. ಅವನು ಬಾಗಿಲವರೆಗೆ ಹೋದ, ಬಂದ, ಮತ್ತೆ ಹೋದ. ಕೈ ಜೇಬಿಗಿಳಿಯಿತು. ಹೊರಬಂದದ್ದು ಫೋನು.

ತಂಗಿ ಎತ್ತಲಿಲ್ಲ. ನಾಲ್ಕನೇ ಸಲಕ್ಕೆ ಅವಳ ಗಂಡ ಎತ್ತಿದ. "ಎಡಗೈಯಲ್ಲಿ ಒತ್ತೋಕೆ ತಡವಾಯ್ತು, ಭಾವ. ಏನು?"

ಫಿಟ್ಟರ್ ಪರದೆಯತ್ತ ತಿರುಗಿದ. "ಈಗಲೇ ಬಾರೋ. ಅವಳನ್ನೂ ಕರ್ಕೊಂಡು ಬಾ. ನೀವು ನೋಡೋದಿದೆ."

ಆಮೇಲೆ ಪ್ರೆಸ್ಸಿನ ಮುಚ್ಚಳ ಬಿಚ್ಚಿ, ಮೋಟು ಸ್ಪ್ರಿಂಗನ್ನು ಎಳೆದು ತಂದು ಪರದೆಯ ಮುಂದೆ ಮೇಜಿನ ಮೇಲಿಟ್ಟು, ಚಿತ್ರ ಮತ್ತೆ ಓಡಲು ತಾನೇ ಗುಂಡಿ ಒತ್ತಿದ. ಗರಗಸ ಆಡಿದ ತುದಿ ಇನ್ನೂ ಹೊಳೆಯುತ್ತಿತ್ತು. ಅದರ ಹಿಂದೆ, ಪರದೆಯಲ್ಲಿ, ಅಚ್ಚು ಎರಡನೇ ಸಲ ಇಳಿಯುತ್ತಲೇ ಇತ್ತು.