ಕಲ್ಲಿಗೆ ಎಸೆದ ಗಾಳ

ಟಾಸ್ಮೇನಿಯಾದ ಬೆಟ್ಟದ ಮೇಲಿನ ಆ ಸರೋವರದಲ್ಲಿ ಟ್ರೌಟ್ ಮೀನು ಹಿಡಿಯಲು ಇಬ್ಬರಾದರೆ ಒಳ್ಳೆಯದು. ಒಬ್ಬ ಕಪ್ಪು ಕನ್ನಡಕ ಹಾಕಿ, ಬಿಸಿಲಿಗೆ ಬೆನ್ನು ಕೊಟ್ಟು, ದಿಬ್ಬದ ಮೇಲಿನಿಂದ ಮೀನೆಲ್ಲಿದೆಯೆಂದು ಹೇಳಬೇಕು. ಇನ್ನೊಬ್ಬ ಕೆಳಗೆ ದಡದಲ್ಲಿ ನಿಂತು ಗಾಳ ಎಸೆಯಬೇಕು. ಚಿಕ್ಕಂದಿನಿಂದಲೂ ನೋಡುವವನು ಹೆಡ್ಲಿ, ಎಸೆಯುವವನು ತಮ್ಮ ಕ್ಲಾರಿ. ಮೀನು ತಪ್ಪಿದರೆ ಕ್ಲಾರಿ ತನ್ನ ಕೈಯನ್ನು ದೂರುವ ಪೈಕಿಯಲ್ಲ. ದಿಬ್ಬದ ಕಡೆ ತಿರುಗಿ, ಕುರುಡಾ ಎಂದು ಅಣ್ಣನನ್ನೇ ಬೈಯುತ್ತಿದ್ದ. ಹೆಡ್ಲಿಗೆ ತನ್ನ ಕಣ್ಣಿನ ಮೇಲೆ ಎಷ್ಟು ಜಂಬವೆಂದರೆ, ಆ ಬೈಗುಳಕ್ಕೆ ನಗುತ್ತಿದ್ದ.

ಈಗ ಆ ಕಣ್ಣು ಮಂಜಾಗಿತ್ತು. ಹೆಡ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಈ ಬೇಸಿಗೆ ಅವನು ತೋರಿಸಿದ ಮೀನುಗಳೆಲ್ಲ ಕಲ್ಲುಗಳೇ. ನಿಜ ಹೇಳಿದರೆ ಅಣ್ಣ ಇನ್ನು ಈ ದಡಕ್ಕೆ ಬರಲಾರನೆಂಬ ಭಯ ಕ್ಲಾರಿಗೆ. ಅದಕ್ಕೇ ಕಲ್ಲುಗಳಿಗೆ ಒಪ್ಪವಾಗಿ ಗಾಳ ಎಸೆದು, ಮೀನು ಮುಟ್ಟಲಿಲ್ಲ, ಹೊರಟುಹೋಯಿತು ಎನ್ನುತ್ತಿದ್ದ.

ಅಂದು ಬೆಳಿಗ್ಗೆಯೂ ಹೆಡ್ಲಿ ಒಣಮರದ ಬುಡದತ್ತ ಕೈ ತೋರಿಸಿದ. ಅಲ್ಲಿದ್ದದ್ದು ಕರಿಕಲ್ಲು. ಕ್ಲಾರಿ ಎಸೆದ, ಕಾದ, ಮೀನು ಹೋಯಿತೆಂದ.

ಹೆಡ್ಲಿ ದಿಬ್ಬವಿಳಿದು ಬಂದು ಫ್ಲಾಸ್ಕಿನಿಂದ ಚಹಾ ಸುರಿದುಕೊಂಡ.

"ಮೀನು ತಪ್ಪಿದಾಗೆಲ್ಲ ನನ್ನ ಕುರುಡ ಅಂತಿದ್ದೆ. ಈ ಬೇಸಿಗೆ ಒಂದ್ಸಲಾನೂ ಅನ್ಲಿಲ್ಲ."

ಕ್ಲಾರಿ ನೂಲು ಸುತ್ತುತ್ತಲೇ ಇದ್ದ.

"ಕಲ್ಲು ತಾನೇ ಅದು?"

"ಕಲ್ಲೇ ಅಣ್ಣ."

"ಉಳಿದವೂ?"

"ಹೂಂ."

ಹೆಡ್ಲಿ ಚಹಾ ಮುಗಿಸಿದ. ಅವಮಾನದಿಂದ ಅವನ ಕಿವಿ ಕೆಂಪಾಗಿತ್ತು. ಕ್ಲಾರಿ ಇನ್ನು ಮನೆಗೇ ಎಂದುಕೊಂಡು ಚೀಲಕ್ಕೆ ಕೈ ಹಾಕಿದ. ಹೆಡ್ಲಿ ಕನ್ನಡಕ ತೆಗೆದು ತಮ್ಮನ ಜೇಬಿಗೆ ತುರುಕಿ, ಗಾಳದ ಕೋಲು ಕಿತ್ತುಕೊಂಡ.

"ಹತ್ತು ಮೇಲೆ. ನೋಡಿ ಹೇಳು."

ಕ್ಲಾರಿ ಕನ್ನಡಕ ಹಾಕಿಕೊಂಡು ದಿಬ್ಬ ಹತ್ತಿದ. ಬಹಳ ಹೊತ್ತು ಬರೀ ನೀರೇ ಕಂಡಿತು. ಆಮೇಲೆ ಜೊಂಡಿನ ಅಂಚಿನಲ್ಲಿ ಕಂದು ಬೆನ್ನೊಂದು ನಿಧಾನವಾಗಿ ಸರಿಯಿತು. ಎಡಕ್ಕೆ, ಎರಡು ಕೋಲು ದೂರ ಎಂದ. ಹೆಡ್ಲಿಯ ಕೈ ಇನ್ನೂ ಚುರುಕಾಗಿತ್ತು, ಗಾಳಕ್ಕೆ ಕಟ್ಟಿದ ಹುಸಿನೊಣ ನೀರಿಗೆ ಹಗುರಾಗಿ ಇಳಿಯಿತು. ಮೀನು ಬಾಯಿ ತೆರೆಯಿತು.

"ಎಳಿ ಅಣ್ಣ."

ಹೆಡ್ಲಿ ಜೋರಾಗಿ ಎಳೆದುಬಿಟ್ಟ. ನೂಲು ಬರಿದಾಗಿ ಹಿಂದಕ್ಕೆ ಹಾರಿತು, ನೀರು ಕಲಕಿತು, ಮೀನು ಆಳಕ್ಕೆ ಹೋಯಿತು. ಅವನು ದಿಬ್ಬದ ಕಡೆ ತಿರುಗಿದ.

"ಎಲ್ಲಿ ನೋಡಿ ಹೇಳ್ತೀಯೋ, ಕುರುಡಾ?"

ಕಪ್ಪು ಕನ್ನಡಕದ ಹಿಂದೆ ಕ್ಲಾರಿಯ ಕಣ್ಣು ತುಂಬಿ, ಸರೋವರವೇ ಸರಿಯಾಗಿ ಕಾಣದಾಗಿತ್ತು.