ಅತ್ತೆಯ ಮುಂದೆ ನುಂಗಿದ ಮಾತ್ರೆ

ಗುಬ್ಬಿಯ ಆ ಮನೆಯಲ್ಲಿ ಕ್ಯಾಲೆಂಡರಿನ ಯಜಮಾನಿಕೆ ಸಿದ್ದಗಂಗಮ್ಮನವರದು. ಹಾಲಿನವನು ಬಾರದ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ, ಸೊಸೆ ಸಿಂಚನಾ ಮುಟ್ಟಾದ ದಿನ, ಮೂರಕ್ಕೂ ಒಂದೇ ಪೆನ್ನು, ಒಂದೇ ಗುಂಡು ಗುರುತು. ನಮ್ಮಲ್ಲಿ ಮುಟ್ಟಿಗೆ ಮೈಲಿಗೆಯಿಲ್ಲ ಎಂಬ ಮಾತನ್ನು ಮಠದ ಸಭೆಯಲ್ಲಿ ಕೇಳಿ ತಲೆದೂಗಿ ಬರುವವರೂ ಅವರೇ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ದಿನ ಎಣಿಸುವವರೂ ಅವರೇ. ಕೇಳುವವರು ಯಾರು? ಸೊಸೆಯಂತೂ ಅಲ್ಲ.

ಹೊಸ ಮನೆಯ ಗೃಹಪ್ರವೇಶ ಗೊತ್ತಾದ ದಿನವೇ ಅವರು ಕ್ಯಾಲೆಂಡರ್ ಮುಂದೆ ನಿಂತು ಲೆಕ್ಕ ಹಾಕಿ, ಮುಖ ಹುಳ್ಳಗೆ ಮಾಡಿಕೊಂಡು ಅಡುಗೆಮನೆಗೆ ಬಂದರು.

"ಸರಿಯಾಗಿ ಅವತ್ತೇ ಬರ್ತದಲ್ಲೇ ನಿಂದು. ಅಯ್ನೋರ ಪಾದಪೂಜೆಗೆ ಗಂಡ ಹೆಂಡ್ತಿ ಜೊತೇಲಿ ಕೂರ್ಬೇಕು. ಮುಂದಕ್ಕೆ ಹಾಕೋ ಮಾತ್ರೆ ತರ್ಸಿದೀನಿ. ದಿನಕ್ಕೆ ಮೂರು. ಇವತ್ತಿಂದ್ಲೇ ಶುರು ಮಾಡು."

ಸಿಂಚನಾ ಪೇಚಿಗೆ ಸಿಕ್ಕಿಕೊಂಡಳು. ಏಕೆಂದರೆ ಎರಡು ವರ್ಷದಿಂದ ಅವಳು ಇನ್ನೊಂದು ಮಾತ್ರೆ ತಗೊಳ್ಳುತ್ತಿದ್ದಳು, ಮಕ್ಕಳಾಗದ ಮಾತ್ರೆ. ಅತ್ತೆ ಅಷ್ಟು ಶ್ರದ್ಧೆಯಿಂದ ಗುರುತು ಹಾಕುತ್ತಿದ್ದ ದಿನಗಳೆಲ್ಲ ಆ ಮಾತ್ರೆಯ ಹಾಳೆ ಮುಗಿದಾಗ ಬರುತ್ತಿದ್ದವು. ಮಗಳು ಯಶುವಿನ ಹೆರಿಗೆಯಲ್ಲಿ ಅವಳು ಸತ್ತು ಬದುಕಿದ್ದಳು. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಈಗಷ್ಟೇ ಕೆಲಸ ಕಾಯಂ ಆಗಿತ್ತು. ಇತ್ತ ಅತ್ತೆಯ ಬಾಯಲ್ಲಿ ಒಂದೇ ಜಪ, "ಒಂದ್ ಗಂಡಾಗ್ಲಿ ಕಣೇ, ಆಮೇಲೆ ನಿಂಗೇನೂ ಕೇಳಲ್ಲ." ಬೇಡ ಎನ್ನುವ ಧೈರ್ಯ ಇರಲಿಲ್ಲ, ಹೆರುವ ಧೈರ್ಯ ಮೊದಲೇ ಇರಲಿಲ್ಲ. ಪಾಪ, ಅವಳಾದರೂ ಏನು ಮಾಡಿಯಾಳು?

ಊರಿನ ಆಶಾ ಕಾರ್ಯಕರ್ತೆ ಈ ಮಾತ್ರೆಯನ್ನು ಕೇಳಿದವರಿಗೆ ಪುಕ್ಕಟೆ ಕೊಡುತ್ತಾಳೆ. ಕೊಡುವ ಮುಂಚೆ ಬಿಪಿ ನೋಡಿಸುತ್ತಾಳೆ, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದೂ ಕೇಳುತ್ತಾಳೆ. ಆದರೆ ಆ ಪುಣ್ಯಾತ್ಗಿತ್ತಿ ಸಿದ್ದಗಂಗಮ್ಮನವರ ತಂಗಿಯ ಮಗಳು. ಅವಳ ಕಿವಿಗೆ ಬಿದ್ದ ಮಾತು ಅತ್ತೆಯ ಕಿವಿಗೆ ಬೀಳಲು ಅರ್ಧ ಗಂಟೆಯೂ ಬೇಡ. ಹಾಗಾಗಿ ಸಿಂಚನಾ ಕೆಲಸ ಮುಗಿಸಿ ಬರುವಾಗ ತುಮಕೂರು ಬಸ್‌ಸ್ಟ್ಯಾಂಡ್ ಎದುರಿನ ಒಂದು ಅಂಗಡಿಯಲ್ಲಿ ಸೆರಗು ತಲೆಗೆ ಎಳೆದುಕೊಂಡು ತಗೊಳ್ಳುತ್ತಿದ್ದಳು. ಅಂಗಡಿಯವನು ಏನೂ ಕೇಳುತ್ತಿರಲಿಲ್ಲ, ಅವಳಿಗೆ ಬೇಕಾಗಿದ್ದೂ ಅದೇ. ಡಬ್ಬದೊಳಗಿನ ಸಣ್ಣಕ್ಷರದ ಚೀಟಿಯನ್ನು ಓದದೆಯೇ ಚೂರು ಚೂರು ಮಾಡಿ ಬಸ್ಸಿನ ಕಿಟಕಿಯಿಂದ ಬಿಡುತ್ತಿದ್ದಳು.

ಈಗ ಒಂದು ಬಾಯಿಗೆ ಎರಡು ಬಗೆ ಮಾತ್ರೆ. ತನ್ನದನ್ನು ನಿಲ್ಲಿಸಿದರೆ ಎಲ್ಲಿ ಬಸಿರು ನಿಂತೀತೋ ಎಂಬ ಭಯ. ಅತ್ತೆಯದನ್ನು ಉಗಿಯೋಣವೆಂದರೆ ಅವರು ಲೋಟ ಹಿಡಿದು ಎದುರಿಗೇ ನಿಲ್ಲುತ್ತಿದ್ದರು. ಗೃಹಪ್ರವೇಶಕ್ಕೆಂದು ಸೊಸೆ ಫ್ಯಾಕ್ಟರಿಗೆ ರಜೆ ಹಾಕಿದ್ದಳು, ಹಾಗಾಗಿ ಮೂರು ಹೊತ್ತೂ ನಿಂತರು. ಗಂಡ ಗುರುಪ್ರಕಾಶ್ ಅಲ್ಲೇ ಕೂತು ದೋಸೆ ಮುರಿಯುತ್ತ ಮೊಬೈಲ್ ನೋಡುತ್ತಿದ್ದ. ಒಳ್ಳೆಯವನು ಎಂದು ಊರೆಲ್ಲ ಹೇಳುವ ಗಂಡ. ಯಾರ ಮಾತಿಗೂ ಅಡ್ಡ ಬಾರದವರನ್ನು ನಮ್ಮ ಕಡೆ ಒಳ್ಳೆಯವರು ಎನ್ನುತ್ತಾರೆ.

ಗೃಹಪ್ರವೇಶ ಸಾಂಗವಾಗಿ ನಡೆಯಿತು. ಅಯ್ನೋರ ಪಾದಕ್ಕೆ ನೀರೆರೆಯುವಾಗಲೇ ಸಿಂಚನಾಳ ಎಡಗಾಲಿನ ಮೀನಖಂಡ ಹಿಡಿದುಕೊಂಡಂತಾಗಿತ್ತು. ಕೂತು ಕೂತು ಹಾಗಾಗಿದೆ ಎಂದುಕೊಂಡಳು. ಎರಡು ದಿನ ಕಳೆಯುವಷ್ಟರಲ್ಲಿ ಕಾಲು ಊದಿ, ಬಲಗಾಲಿನ ಪಕ್ಕ ಇಟ್ಟರೆ ಬೇರೆ ಯಾರದೋ ಕಾಲಿನ ಹಾಗೆ ಕಾಣುತ್ತಿತ್ತು. ಕೆಂಪಗಿತ್ತು, ಮುಟ್ಟಿದರೆ ಸುಡುತ್ತಿತ್ತು.

"ಉಳುಕು ಕಣೇ ಅದು," ಎಂದು ಅತ್ತೆ ಒಂದೇ ಮಾತಿಗೆ ತೀರ್ಮಾನ ಕೊಟ್ಟರು. "ಮೆಟ್ಲು ಹತ್ತಿ ಇಳ್ದು ಹಿಂಗಾಗದೆ. ಚೇಳೂರು ಹೊಂಬಾಳಮ್ಮನ ಹತ್ರ ಎಣ್ಣೆ ಹಾಕಿ ನೀವಿಸ್ಕೊಂಡು ಬಂದ್ರೆ ಸರಿಹೋಗ್ತದೆ."

ಹೊಂಬಾಳಮ್ಮ ನಲವತ್ತು ವರ್ಷದಿಂದ ಉಳುಕು ತೆಗೆಯುವವಳು. ಅವಳ ಕೈ ಬಿದ್ದರೆ ಎತ್ತಿಕೊಂಡು ಬಂದವರು ನಡೆದು ಹೋಗುತ್ತಾರೆ ಎಂಬ ಹೆಸರು. ಅವಳು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಸಿಂಚನಾಳ ಕಾಲನ್ನು ತೊಡೆಯ ಮೇಲೆ ತಗೊಂಡು ಒಮ್ಮೆ ಮುಟ್ಟಿದಳು. ಇನ್ನೊಂದು ಕಾಲನ್ನೂ ಮುಟ್ಟಿದಳು. ಆಮೇಲೆ ಬಟ್ಟಲಿಗೆ ಮುಚ್ಚಳ ಹಾಕಿಬಿಟ್ಟಳು.

"ಇದು ಉಳುಕಲ್ಲ ಕಣಮ್ಮ. ಉಳುಕು ಹಿಂಗೆ ಸುಡಾಕಿಲ್ಲ. ನಾನು ಕೈ ಇಕ್ಕಾಕಿಲ್ಲ, ನೀವೂ ಉಜ್ಬ್ಯಾಡಿ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ."

"ಒಂದ್ಸಲ ನೀವಿ ನೋಡಮ್ಮ, ಅಷ್ಟು ದೂರದಿಂದ ಬಂದಿದೀವಿ," ಎಂದರು ಸಿದ್ದಗಂಗಮ್ಮ.

"ಬರೋದು ಬಂದ್ರಿ, ಹಂಗೇ ಮುಂದಕ್ಕೆ ಹೋಗಿ ಅಂತೀನಿ," ಎಂದು ಅವಳು ಎದ್ದೇಬಿಟ್ಟಳು.

ತುಮಕೂರಿನ ಆಸ್ಪತ್ರೆಗೆ ಗುರುಪ್ರಕಾಶನೂ ಬಂದು ಸೇರಿಕೊಂಡ. ಅಲ್ಲಿ ಡಾಕ್ಟರಮ್ಮ ಕೇಳಿದ ಪ್ರತಿ ಪ್ರಶ್ನೆಗೂ ಅತ್ತೆಯೇ ಉತ್ತರ ಕೊಟ್ಟರು. ವಯಸ್ಸು ಅವರೇ ಹೇಳಿದರು, ಹೆರಿಗೆ ಎಷ್ಟು ಎಂದು ಅವರೇ ಹೇಳಿದರು. ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದೀಯಾ ಎಂದಾಗ, "ಪೂಜೆಗೆ ಅಂತ ಮುಂದಕ್ಕೆ ಹಾಕೋ ಮಾತ್ರೆ ನಾನೇ ಕೊಟ್ಟೆ, ಅಷ್ಟೇ, ಬೇರೆ ಏನಿಲ್ಲ," ಎಂದರು. ಸಿಂಚನಾ ತನ್ನ ಕಾಲನ್ನೇ ನೋಡುತ್ತಿದ್ದಳು. ಹೇಳಿದರೆ ಆ ಮನೆಯಲ್ಲಿ ಬಾಳುವುದು ಹೇಗೆ, ಹೇಳದಿದ್ದರೆ ಏನಾಗುತ್ತದೋ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಅಮ್ಮ, ನೀವು ಕೌಂಟರಿಗೆ ಹೋಗಿ ಫೈಲ್ ಮಾಡಿಸ್ಕೊಂಡು ಬನ್ನಿ," ಎಂದು ಸಿದ್ದಗಂಗಮ್ಮನವರನ್ನು ಆಚೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

"ನೋಡಮ್ಮ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರೋ ಹಾಗಿದೆ. ಸ್ಕ್ಯಾನ್ ಮಾಡಿಸ್ತೀನಿ. ಆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಬರುತ್ತೆ. ಏನೇನು ತಗೊಂಡಿದ್ದೀಯ ಅಂತ ನಂಗೆ ಪೂರ್ತಿ ಗೊತ್ತಾಗ್ಬೇಕು. ಉಸಿರು ಕಟ್ಟುತ್ತಾ? ಎದೆ ನೋವಿದ್ಯಾ?"

ಗಂಡ ಗೋಡೆಗೆ ಒರಗಿ ನಿಂತಿದ್ದ. ಸಿಂಚನಾ ಅವನ ಕಡೆ ನೋಡದೆ ಹೇಳಿದಳು. "ಇಲ್ಲ ಮೇಡಂ. ಮಕ್ಕಳಾಗದ ಮಾತ್ರೆ ತಗೊಳ್ತೀನಿ. ಎರಡು ವರ್ಷ ಆಯ್ತು."

"ಅದೂ, ಅತ್ತೆ ಕೊಟ್ಟಿದ್ದೂ, ಎರಡೂ ಒಟ್ಟಿಗೆ?"

"ಹೂಂ."

"ಮನೇಲಿ ಯಾರಿಗಾದ್ರೂ ಹಿಂಗಾಗಿತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಕುಣಿಗಲ್‌ಗೆ, ತಾಯಿಗೆ ಫೋನ್ ಮಾಡಿದಳು. ತಾಯಿ, "ನೀನು ಹುಟ್ಟಿ ಹದಿನೈದು ದಿನಕ್ಕೆ ನಂಗೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು ಕಣೇ. ಬಾಣಂತಿ ಮಾತು, ಹೆಣ್ಮಗಳಿಗೆ ಯಾಕೆ ಹೇಳೋದು ಅಂತ ಸುಮ್ನಿದ್ದೆ," ಎಂದಳು. ಸಿಂಚನಾಗೆ ಅಳು ಬಂತು, ಸಿಟ್ಟೂ ಬಂತು.

"ಈ ಮಾತ್ರೆ ಎಲ್ಲರಿಗೂ ಕೆಟ್ಟದ್ದಲ್ಲ," ಎಂದರು ಡಾಕ್ಟರಮ್ಮ. "ಲಕ್ಷಾಂತರ ಜನ ತಗೊಂಡು ಚೆನ್ನಾಗಿದ್ದಾರೆ. ಆದ್ರೆ ತಾಯಿಗೆ ಹೀಗಾಗಿದೆ ಅಂತ ಗೊತ್ತಿದ್ರೆ ನಿಂಗೆ ನಾವು ಇದನ್ನ ಕೊಡ್ತಾನೇ ಇರ್ಲಿಲ್ಲ. ಅದರ ಮೇಲೆ ಇನ್ನೊಂದು ಹಾರ್ಮೋನ್ ಬೇರೆ. ಎರಡೂ ಇವತ್ತಿಗೆ ನಿಲ್ಲಿಸು. ಮಕ್ಕಳು ಬೇಡ ಅಂದ್ರೆ ಕಾಪರ್-ಟಿ ಇದೆ, ಬೇರೆ ದಾರಿ ಇದೆ, ಹುಷಾರಾದ ಮೇಲೆ ಮಾತಾಡೋಣ. ಈಗ ಅಡ್ಮಿಟ್ ಆಗು." ಹಾಗೆ ಹೇಳಿ ಇಂಜೆಕ್ಷನ್ ತರಿಸಲು ಆಚೆ ಹೋದರು.

ಗಂಡ ಹೆಂಡತಿ ಇಬ್ಬರೇ ಉಳಿದರು. ಅವನು ಕೂಗಾಡುತ್ತಾನೆ ಎಂದು ಸಿಂಚನಾ ಕಾದಳು. ಎರಡು ವರ್ಷ ಅವಳು ಹೆದರಿದ್ದು ಆ ಕೂಗಾಟಕ್ಕೇ.

"ನಂಗೊತ್ತಿತ್ತು," ಎಂದ ಅವನು ಮೆಲ್ಲಗೆ. "ಹೋದ ಯುಗಾದಿಲೇ ಆ ಮಾತ್ರೆ ಹಾಳೆ ನೋಡಿದ್ದೆ. ಹೋಗ್ಲಿ ಬಿಡು ಅಂತ ಸುಮ್ನಿದ್ದೆ."

ಅವಳಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಆಮೇಲೆ ದೋಸೆ ಮುರಿಯುತ್ತಿದ್ದ ಆ ಕೈ ನೆನಪಾಯಿತು.

"ಅತ್ತೆ ಲೋಟ ಹಿಡ್ಕೊಂಡು ನಿಂತಿದ್ರಲ್ಲ ರೀ, ಅವಾಗ್ಲೂ ಗೊತ್ತಿತ್ತಾ?"

ಅವನು ನೆಲ ನೋಡಿದ. "ಎರಡು ಮಾತ್ರೆಯಿಂದ ಏನಾಗ್ತದೆ ಅಂದ್ಕೊಂಡೆ. ಮಾತಾಡಿದ್ರೆ ಅಮ್ಮಂಗೆ ಗೊತ್ತಾಗಿ ರಂಪ ಆಗ್ತಿತ್ತಲ್ಲ, ಅದೂ ಗೃಹಪ್ರವೇಶದ ಹೊತ್ತಲ್ಲಿ."

ಬಾಗಿಲಾಚೆ ಸಿದ್ದಗಂಗಮ್ಮನವರ ಚಪ್ಪಲಿ ಸದ್ದಾಯಿತು. ಗುರುಪ್ರಕಾಶ್ ಗಾಬರಿಯಿಂದ ಹತ್ತಿರ ಬಂದು ಅವಳ ಕೈ ಹಿಡಿದ. "ಅಮ್ಮಂಗೆ ಈಗ ಹೇಳ್ಬೇಡ. ಪೂಜೆ ಮಾತ್ರೆಯಿಂದ್ಲೇ ಹಿಂಗಾಯ್ತು ಅನ್ನೋಣ."

ಸಿಂಚನಾ ಕೈ ಬಿಡಿಸಿಕೊಂಡಳು. ಎದ್ದು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕಾಲು ದಿಂಬಿನ ಮೇಲಿತ್ತು, ನೆಲಕ್ಕೆ ಊರಕೂಡದು ಎಂದಿದ್ದರು. ಅತ್ತೆ ಫೈಲ್ ಹಿಡಿದು ಒಳಗೆ ಬಂದರು.

"ಏನಂತೆ?"

"ಕೂತ್ಕೊಳ್ಳಿ ಅತ್ತೆ," ಎಂದಳು ಸಿಂಚನಾ. "ನಾನು ಎರಡು ವರ್ಷದಿಂದ ಮಕ್ಕಳಾಗದ ಮಾತ್ರೆ ತಗೊಳ್ತಿದ್ದೆ. ಇವರಿಗೂ ಗೊತ್ತಿತ್ತು."